ವಾಯುಭಾರ ಕುಸಿತ: ಕುಸಿದದ್ದು ಏನು?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು.

ಹೋದ ಬೇಸಿಗೆಯಲ್ಲಿ ಅಮ್ಮ ತಾರಸಿ ಮೇಲೆ ಸಂಡಿಗೆ ಇಟ್ಟಿದ್ದರು. ಅವತ್ತಿನ ಪೇಪರಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ದಪ್ಪಕ್ಷರದಲ್ಲಿ ಬಂದಿತ್ತು. ಅಮ್ಮ ಅದನ್ನು ಓದಿಯೇ ಸಂಡಿಗೆ ಇಟ್ಟಿದ್ದು! ಮಧ್ಯಾಹ್ನ ಮೂರು ಗಂಟೆಗೆ ಮಳೆ ಹೊಡೆದು ಎಲ್ಲ ಮತ್ತೆ ಗಂಜಿಯಾಯಿತು. ‘ಪೇಪರಲ್ಲೇ ಇತ್ತಲ್ಲಮ್ಮ’ ಅಂದೆ. ‘ಕುಸಿತ ಅಂತ ಇತ್ತು ಕಣೋ. ಕುಸೀತು ಅಂದ್ರೆ ಕಮ್ಮಿ ಆಯ್ತು ಅಂತ ಅಲ್ವಾ? ಪಕ್ಕದಲ್ಲೇ ಟೊಮೆಟೊ ಬೆಲೆ ಕುಸಿತ ಅಂತಾನೂ ಇತ್ತು’ ಅಂದರು.

ನಗು ಬಂತು. ಉತ್ತರ ಮಾತ್ರ ಹೊಳೆಯಲಿಲ್ಲ.

ವಾಯುಭಾರ ಅನ್ನುವುದು ಒಳ್ಳೆಯ ಪದವೇ. ನಮ್ಮ ತಲೆ ಮೇಲಿರುವ ಗಾಳಿಗೆ ತೂಕ ಇದೆ. ಸಮುದ್ರದ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಹೆಚ್ಚುಕಮ್ಮಿ ಒಂದು ಕಿಲೋ. ಇದನ್ನೇ 1013 ಮಿಲಿಬಾರ್ ಅಂತ ಅಳೆಯುವುದು. ಕೊಲ್ಲಿಯ ನೀರು ಕಾದಾಗ ಮೇಲಿನ ಗಾಳಿ ಬಿಸಿಯಾಗಿ, ತೇವ ಹೊತ್ತು ಮೇಲೇರುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಮೇಲೇರಿದ ತೇವ ತಣ್ಣಗಾಗಿ ಮೋಡ ಕಟ್ಟಿ ಮಳೆ ಸುರಿಯುತ್ತದೆ. ಒತ್ತಡ ಇಳಿದಷ್ಟೂ ಮಳೆ ಜಾಸ್ತಿ ಅಂತ ಇಟ್ಟುಕೊಳ್ಳಿ. ಅಮ್ಮ ಎಡವಿದ್ದು ಇಲ್ಲೇ.

ನನ್ನ ತಕರಾರು ‘ಕುಸಿತ’ದ ಮೇಲೆ. ಕನ್ನಡದಲ್ಲಿ ಗೋಡೆ ಕುಸಿಯುತ್ತದೆ, ಗುಡ್ಡ ಕುಸಿಯುತ್ತದೆ, ಶೇರುಪೇಟೆ ಕುಸಿಯುತ್ತದೆ. ಒಂದೇ ಏಟಿಗೆ ಧೊಪ್ಪನೆ ಬೀಳುವುದು ಅನ್ನುವ ಚಿತ್ರ ಕಣ್ಣ ಮುಂದೆ ಬರುತ್ತದೆ. ಕೊಲ್ಲಿಯಲ್ಲಿ ಆಗುವುದು 1013ರ ಹತ್ತಿರ ಇದ್ದದ್ದು 1000ದ ಆಸುಪಾಸಿಗೆ ಬರುವುದು, ಅಷ್ಟೆ. ಮಂಗಳೂರಿನಲ್ಲಿ ಬಸ್ ಹತ್ತಿ ಬೆಂಗಳೂರಲ್ಲಿ ಇಳಿದರೆ 100 ಮಿಲಿಬಾರ್ ಕಮ್ಮಿಯಾಗಿರುತ್ತದೆ! ಅದನ್ನು ಯಾರೂ ಕುಸಿತ ಅನ್ನುವುದಿಲ್ಲ. ಒಂದೇ ಮಟ್ಟದಲ್ಲಿರುವ ಅಕ್ಕಪಕ್ಕದ ಜಾಗಕ್ಕಿಂತ ಇಲ್ಲಿ ಎಷ್ಟು ಕಮ್ಮಿ ಅನ್ನುವುದೇ ಲೆಕ್ಕ.

ಇನ್ನೊಂದು ತೊಂದರೆ ಇದೆ. ಹವಾಮಾನ ಇಲಾಖೆಯವರು ಗಾಳಿಯ ವೇಗ ನೋಡಿ ಬೇರೆಬೇರೆ ಹೆಸರು ಕೊಡುತ್ತಾರೆ. ಗಂಟೆಗೆ 31 ಕಿ.ಮೀ. ಒಳಗಿದ್ದರೆ ಬರೀ ಕಡಿಮೆ ಒತ್ತಡದ ಪ್ರದೇಶ. 31ರಿಂದ 49 ಇದ್ದರೆ ಡಿಪ್ರೆಶನ್. 50ರಿಂದ 61 ಇದ್ದರೆ ಡೀಪ್ ಡಿಪ್ರೆಶನ್. 62 ಮುಟ್ಟಿದರೆ ಚಂಡಮಾರುತ, ಆಗ ಅದಕ್ಕೆ ನಾಮಕರಣವೂ ಆಗುತ್ತದೆ. ನಮ್ಮ ಸುದ್ದಿಗಳಲ್ಲಿ ಮೊದಲ ಮೂರಕ್ಕೂ ಎಷ್ಟೋ ಸಲ ಒಂದೇ ಹೆಸರು: ವಾಯುಭಾರ ಕುಸಿತ. ಹೆಚ್ಚೆಂದರೆ ಮುಂದೆ ‘ತೀವ್ರ’ ಸೇರಿಸುತ್ತಾರೆ. (ಫೋನಿನ ಅನುವಾದ ಒಮ್ಮೆ ‘ಕೊಲ್ಲಿಯಲ್ಲಿ ಖಿನ್ನತೆ’ ಅಂತ ತೋರಿಸಿತ್ತು. ಅದಕ್ಕಿಂತ ಕುಸಿತವೇ ವಾಸಿ.)

ಅಕ್ಕಪಕ್ಕದವರು ಇದನ್ನು ಚೆನ್ನಾಗಿ ಬಿಡಿಸಿಕೊಂಡಿದ್ದಾರೆ. ತೆಲುಗಿನವರಿಗೆ ಮೊದಲನೆಯದು ಅಲ್ಪಪೀಡನಂ, ಎರಡನೆಯದು ವಾಯುಗುಂಡಂ. ನೀರಿನ ಸುಳಿಗೆ ಅವರು ಸುಡಿಗುಂಡಂ ಅನ್ನುತ್ತಾರೆ. ಹಾಗಾಗಿ ವಾಯುಗುಂಡಂ ಅಂದ ತಕ್ಷಣ ತಿರುಗುವ ಗಾಳಿ ಕಣ್ಣಿಗೆ ಕಟ್ಟುತ್ತದೆ. ತಮಿಳರು ‘ತಾಳ್ವು ಪಗುದಿ’, ‘ತಾಳ್ವು ಮಂಡಲಂ’ ಅಂತ ಬೇರೆ ಮಾಡಿಕೊಂಡಿದ್ದಾರೆ. ಮಲಯಾಳಿಗಳದು ನ್ಯೂನಮರ್ದಂ, ಅದಕ್ಕೇ ‘ತೀವ್ರ’, ‘ಅತಿತೀವ್ರ’ ಸೇರಿಸಿ ಮೆಟ್ಟಿಲು ಕಟ್ಟಿದ್ದಾರೆ.

ಮೊದಲನೆಯದಕ್ಕೆ ನನಗೆ ಹೊಳೆದದ್ದು ‘ಒತ್ತಡದ ತಗ್ಗು’. ತಗ್ಗಿನ ಕಡೆಗೆ ನೀರು ಹರಿದ ಹಾಗೆ ಗಾಳಿಯೂ ಹರಿದು ಬರುತ್ತದೆ. ಹಾಗೆ ಹೇಳಿದರೆ ಅಮ್ಮನಿಗೂ ಅರ್ಥವಾಯಿತು. ಎರಡನೆಯದಕ್ಕೇ ಕಷ್ಟ. ಸುಳಿಗಾಳಿ ಅನ್ನೋಣ ಅಂದರೆ ಅದು ಈಗಾಗಲೇ ಖರ್ಚಾಗಿದೆ. ಬೇಸಿಗೆಯಲ್ಲಿ ಹೊಲದಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಗಿರ್ರನೆ ತಿರುಗುತ್ತದಲ್ಲ, ಅದು ಸುಳಿಗಾಳಿ. ಸಾಲದ್ದಕ್ಕೆ ಪೇಪರಿನವರು ‘ಮೇಲ್ಮೈ ಸುಳಿಗಾಳಿ’ ಅಂತ ಬೇರೆ ಬರೆಯುತ್ತಾರೆ. ಅದಂತೂ ಪೂರಾ ತಲೆಕೆಳಗು. ಮೇಲ್ಮೈ ಅಂದರೆ ನೆಲದ ಅಥವಾ ನೀರಿನ ಮೈ, ಅಲ್ವಾ? ಅವರು ಹೇಳಹೊರಟಿದ್ದು ಆಕಾಶದಲ್ಲಿ, ಕೆಲವೊಮ್ಮೆ 5.8 ಕಿ.ಮೀ. ಎತ್ತರದವರೆಗೂ ತಿರುಗುವ ಗಾಳಿಯ ವಿಷಯ. ‘ಮೇಲ್ಗಾಳಿ ಸುಳಿ’ ಅಂದಿದ್ದರೆ ಸುಮ್ನೆ ಮುಗಿದುಹೋಗುತ್ತಿತ್ತು.

‘ಮಳೆಸುಳಿ’ ಅಂತ ಒಂದು ಪದ ತಲೆಯಲ್ಲಿದೆ. ಇನ್ನೂ ಧೈರ್ಯ ಸಾಲದು. ಕರಾವಳಿಯಲ್ಲಿ ತೂಫಾನ್ ಅನ್ನುವುದನ್ನು ಕೇಳಿದ್ದೇನೆ. ಆದರೆ ತೂಫಾನ್ ಆಗುವ ಮುಂಚಿನ ಹಂತಕ್ಕೆ, ಕಡಲು ಕೆಡುತ್ತಿದೆ ಅಂತ ದೋಣಿ ವಾಪಸು ತಿರುಗಿಸುವ ಹೊತ್ತಿಗೆ, ಮೀನುಗಾರರ ಬಾಯಲ್ಲಿ ಏನು ಮಾತಿದೆ? ಮಲ್ಪೆ, ಕಾರವಾರದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಉತ್ತರ ಕರ್ನಾಟಕದವರು ಮೂರು ದಿನ ಬಿಡದೆ ಹಿಡಿಯುವ ಇಂಥ ಮಳೆಗೆ ಏನನ್ನುತ್ತೀರಿ ಅಂತಲೂ ತಿಳಿಸಿ.