ಇಂಜೆಕ್ಟರ್ ನಿಜಕ್ಕೂ ಹೋಗಿದೆಯಾ? ಬದಲಿಸುವ ಮೊದಲು ಉಸ್ತಾದರನ್ನು ಕೇಳಿ

ಕಲಬುರಗಿಯ ನಮ್ಮ ಗಾಡಿ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ರಿಂಗ್ ರೋಡಿನಲ್ಲಿ ಇಂಜೆಕ್ಟರ್, ಪಂಪ್ ಕೆಲಸ ಮಾಡುವ ಉಸ್ತಾದರು. ಪ್ರಶ್ನೆ ಕೇಳುವವರು ಗಾಡಿಯ ವರ್ಷ, ತೊಂದರೆ ಎರಡನ್ನೂ ಬರೆಯಿರಿ. ಸುಮ್ನೆ "ಗಾಡಿ ಎಳೆಯುತ್ತಿಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಪ್ರಶ್ನೆ (ಮೆಡಿಕಲ್ ರೆಪ್, ಕಲಬುರಗಿ): ನಮಸ್ಕಾರ ಉಸ್ತಾದ್. ನನ್ನದು 2021ರ 150 ಸಿಸಿ ಬೈಕ್. ದಿನಾ ಜೇವರ್ಗಿ, ಶಹಾಪುರ ಅಂತ ತಿರುಗಾಟ. ಈಗೀಗ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ಸೆಲ್ಫ್ ಹೊಡೆದರೆ ಚಾಲೂ ಆಗುವುದಿಲ್ಲ. ನೆರಳಿಗೆ ತಳ್ಳಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಚಾಲೂ ಆಗುತ್ತದೆ. ಗ್ಯಾರೇಜಿನವರು ಸೀಟು ಕೂಡ ಬಿಚ್ಚದೆ "ಇಂಜೆಕ್ಟರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ಈ ಇಂಜೆಕ್ಟರ್ ಅಂದರೆ ಏನು? ಕರೆಂಟಿಗೂ ಪೆಟ್ರೋಲಿಗೂ ಏನು ಸಂಬಂಧ?

ಉಸ್ತಾದ್: ನಮಸ್ಕಾರ ರೀ. ಮೊದಲು ವಸ್ತು ಏನು ಅಂತ ನೋಡೋಣ. ನಿಮ್ಮ ಗಾಡಿಗೆ ಏನಾಗಿದೆ ಅಂತ ಆಮೇಲೆ.

ಹೊಲದ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ ನೋಡಿದ್ದೀರಲ್ವಾ? ಹಸಿರು ಬಟನ್ ಒತ್ತಿದರೆ ಒಳಗೆ ಕಾಯಿಲ್, ಅಂದರೆ ತಂತಿಯ ಸುರುಳಿ, ಕಬ್ಬಿಣವನ್ನು "ಟಕ್" ಅಂತ ಎಳೆದುಕೊಳ್ಳುತ್ತದೆ. ಕೈ ಬೆರಳಿನಷ್ಟು ಇರುವ ಇಂಜೆಕ್ಟರ್ ಒಳಗೂ ಅದೇ ಕೆಲಸ ನಡೆಯುತ್ತದೆ. ಸಣ್ಣ ತಾಮ್ರದ ಕಾಯಿಲ್ ಇದೆ. ಅದರ ನಡುವೆ ಅಯಸ್ಕಾಂತ ಎಳೆಯಬಲ್ಲ ಕಬ್ಬಿಣದ ತುಂಡು. ಆ ತುಂಡಿನ ತುದಿಗೆ ಸೂಜಿ, ಇಲ್ಲವೇ ಸಣ್ಣ ಗುಂಡು. ಸೂಜಿಯನ್ನು ಅದರ ಸೀಟಿನ (ಅದು ಕೂರುವ ಜಾಗದ) ಮೇಲೆ ಒತ್ತಿ ಹಿಡಿಯಲು ಒಂದು ಸ್ಪ್ರಿಂಗ್. ಹಿಂದಿನಿಂದ ಬರುವ ಪೆಟ್ರೋಲಿನ ಒತ್ತಡವೂ ಸೂಜಿಯನ್ನು ಮುಚ್ಚುವ ಕಡೆಗೇ ತಳ್ಳುತ್ತದೆ. ಹಾಗಾಗಿ ಕರೆಂಟ್ ಇಲ್ಲದಾಗ ಬಾಗಿಲು ಬಂದ್.

ಕಾಯಿಲ್‌ಗೆ ಕರೆಂಟ್ ಬಂದಾಗ ಅದು ಅಯಸ್ಕಾಂತವಾಗುತ್ತದೆ, ಸೂಜಿ ಮೇಲೇಳುತ್ತದೆ. ಎಷ್ಟು ಮೇಲೆ? ಮಿಲಿಮೀಟರಿನ ಹತ್ತರಲ್ಲಿ ಒಂದು ಭಾಗದ ಆಸುಪಾಸು, ಕೆಲವದರಲ್ಲಿ ಇನ್ನೂ ಕಡಿಮೆ. ತಲೆಕೂದಲಿನ ದಪ್ಪ ಅಂತ ಇಟ್ಟುಕೊಳ್ಳಿ. ಅಷ್ಟು ಸಂದು ಸಾಕು. ತುದಿಯ ತಟ್ಟೆಯಲ್ಲಿರುವ ಸಣ್ಣ ತೂತುಗಳಿಂದ ಪೆಟ್ರೋಲ್ ಮಂಜಿನ ಹಾಗೆ ಹೊರಗೆ ಬರುತ್ತದೆ.

ಇಲ್ಲೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಇಂಜೆಕ್ಟರ್ ಪೆಟ್ರೋಲನ್ನು ತಳ್ಳುವುದಿಲ್ಲ. ತಳ್ಳುವುದು ಟ್ಯಾಂಕಿನೊಳಗಿನ ಪಂಪ್. ಬೈಕ್‌ಗಳಲ್ಲಿ ಅದು ಸುಮಾರು 3 ಬಾರ್ ಒತ್ತಡ ಕಟ್ಟಿ ನಿಲ್ಲಿಸಿರುತ್ತದೆ. ಇಂಜೆಕ್ಟರ್ ಬರೀ ಬಾಗಿಲು. ಬಾಗಿಲು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅಂತ ಹೇಳುವುದು ಇಸಿಯು, ಅಂದರೆ ಗಾಡಿಯೊಳಗಿನ ಸಣ್ಣ ಕಂಪ್ಯೂಟರ್. ತೂತಿನ ಅಳತೆ ಬದಲಾಗುವುದಿಲ್ಲ, ಒತ್ತಡವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಪೆಟ್ರೋಲ್ ಎಷ್ಟು ಹೋಗಬೇಕು ಅನ್ನುವುದು ಪೂರ್ತಿ ಸಮಯದ ಲೆಕ್ಕ.

ನಿಮ್ಮ ತೊಂದರೆಗೆ ಒಂದು ಕೆಲಸ ಮಾಡಿ. ಮುಂದಿನ ಸಲ ಚಾಲೂ ಆಗದಿದ್ದಾಗ ಕೀ ಆನ್ ಮಾಡಿ ಟ್ಯಾಂಕಿನ ಹತ್ತಿರ ಕಿವಿ ಇಡಿ. ಪಂಪ್ ಒಂದೆರಡು ಸೆಕೆಂಡ್ "ಝುಂ" ಅನ್ನಬೇಕು. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಮಲ್ಟಿಮೀಟರ್ ಇರುವ ಗೆಳೆಯ ಯಾರಾದರೂ ಸಿಕ್ಕರೆ ಕಪ್ಲರ್ (ವೈರ್ ಜೋಡಿಸುವ ಕ್ಲಿಪ್) ತೆಗೆದು ಇಂಜೆಕ್ಟರಿನ ಎರಡು ಪಿನ್ ನಡುವೆ ಓಮ್ಸ್ (ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) ನೋಡಿಸಿ. ಇಲ್ಲಿ ಬರೆಯಿರಿ.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬೀದರ್): ಸರ್, ಸಮಯದ ಲೆಕ್ಕ ಅಂದಿರಿ. ನಿಜವಾಗಿ ಎಷ್ಟು ಸಮಯ? ಬ್ಯಾಟರಿ ವೀಕ್ ಆದರೆ ಈ ಲೆಕ್ಕ ತಪ್ಪುವುದಿಲ್ಲವೇ?

ಉಸ್ತಾದ್: ಒಳ್ಳೆಯ ಪ್ರಶ್ನೆ ತಂಗಿ. ನಾಲ್ಕು ಸ್ಟ್ರೋಕ್ ಇಂಜಿನ್ 6000 ಆರ್‌ಪಿಎಂನಲ್ಲಿ ತಿರುಗುತ್ತಿದೆ ಅಂದರೆ ಸೆಕೆಂಡಿಗೆ 100 ಸುತ್ತು. ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಬೇಕು. ಹಾಗಾದರೆ ಒಂದು ಸಲಕ್ಕೆ ಸಿಗುವ ಒಟ್ಟು ಸಮಯ 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ 50ನೇ ಒಂದು ಭಾಗ. ಅಷ್ಟರೊಳಗೆ ತೆರೆದು, ಚಿಮ್ಮಿಸಿ, ಮುಚ್ಚಿಬಿಡಬೇಕು. ರೇಸ್ ಕೊಡದೆ ನಿಂತಲ್ಲೇ ಓಡುವಾಗ ಬಾಗಿಲು ತೆರೆದಿರುವುದು 2-3 ಮಿಲಿಸೆಕೆಂಡ್ ಅಷ್ಟೇ.

ಈಗ ಬ್ಯಾಟರಿ. ಕಾಯಿಲ್‌ನಲ್ಲಿ ಕರೆಂಟ್ ಒಂದೇ ಏಟಿಗೆ ಏರುವುದಿಲ್ಲ, ಮೆಲ್ಲಗೆ ಏರುತ್ತದೆ. ಎಳೆಯುವಷ್ಟು ಶಕ್ತಿ ಬರುವವರೆಗೆ ಸೂಜಿ ಅಲ್ಲಾಡುವುದಿಲ್ಲ. ಇದಕ್ಕೆ ನಾವು ಡೆಡ್ ಟೈಮ್ ಅನ್ನುತ್ತೇವೆ. ಸುಮಾರು 1 ಮಿಲಿಸೆಕೆಂಡ್ ಇಲ್ಲೇ ಕಳೆಯುತ್ತದೆ. ವೋಲ್ಟೇಜ್ ಇಳಿದರೆ ಇದು ಜಾಸ್ತಿ ಆಗುತ್ತದೆ. ಹಾಗೆ ಆದಾಗ ಇಸಿಯು ಬ್ಯಾಟರಿ ವೋಲ್ಟೇಜ್ ನೋಡಿ, ಕಡಿಮೆ ಇದ್ದರೆ ಅಷ್ಟು ಸಮಯ ಸೇರಿಸಿ ಕೊಡುತ್ತದೆ. ಆದರೆ ಇಸಿಯು ನೋಡುವುದು ತನ್ನ ಹತ್ತಿರದ ವೋಲ್ಟೇಜ್. ಇಂಜೆಕ್ಟರ್ ಕಪ್ಲರ್ ಹಸಿರುಗಟ್ಟಿ ಅಲ್ಲೇ 2 ವೋಲ್ಟ್ ಕಳೆದುಹೋದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಇಂಥ ಗಾಡಿಗೆ ಹೊಸ ಇಂಜೆಕ್ಟರ್ ಹಾಕಿದರೂ ಮಿಸ್ಸಿಂಗ್ ಹೋಗುವುದಿಲ್ಲ. ಕಪ್ಲರ್ ಸ್ವಚ್ಛ ಮಾಡಿದರೆ ಹೋಗುತ್ತದೆ.

ನೀವು ಓದುವವರು, ಅದಕ್ಕೆ ಇನ್ನೊಂದು ಮಾತು. ಕೀ ಆನ್ ಆದಾಗ ಇಂಜೆಕ್ಟರಿಗೆ 12 ವೋಲ್ಟ್ ಪ್ಲಸ್ ಸಾಮಾನ್ಯವಾಗಿ ಬಂದು ನಿಂತಿರುತ್ತದೆ. ಇಸಿಯು ಮೈನಸ್ ಕಡೆಯನ್ನು ಜೋಡಿಸಿ ಬಿಡಿಸಿ ಮಾಡುತ್ತದೆ. ಬಿಡಿಸಿದ ಕ್ಷಣ ಕಾಯಿಲ್ ತನ್ನೊಳಗಿನ ಶಕ್ತಿಯನ್ನು ಹಿಂದಕ್ಕೆ ಎಸೆಯುತ್ತದೆ. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಾಕಿದರೆ 60 ವೋಲ್ಟ್ ಆಸುಪಾಸಿನ ಒಂದು ಮೊನೆ ಕಾಣುತ್ತದೆ. ಆ ಮೊನೆ ಚೂಪಾಗಿದ್ದರೆ ಕಾಯಿಲ್ ಚೆನ್ನಾಗಿದೆ ಅಂತ ನನಗೆ ಅರ್ಧ ಸಮಾಧಾನ.

ಇದೆಲ್ಲ ಹೊಸ ವಿದ್ಯೆ ಅಂದುಕೊಳ್ಳಬೇಡಿ. ಬಾಷ್ ಕಂಪನಿ 1967ರಲ್ಲೇ ಡಿ-ಜೆಟ್ರಾನಿಕ್ ಅಂತ ಫೋಕ್ಸ್‌ವ್ಯಾಗನ್ ಕಾರಿಗೆ ಹಾಕಿತ್ತು. ನಮ್ಮ ಬೈಕ್‌ಗಳಿಗೆ ಸಾಲಾಗಿ ಬಂದಿದ್ದು 2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ನಿಯಮ ಕಡ್ಡಾಯ ಆದಾಗ.

ಪ್ರಶ್ನೆ (ಗ್ಯಾರೇಜ್ ಹುಡುಗ, ಯಾದಗಿರಿ): ಅಣ್ಣಾ, ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಇಂಜೆಕ್ಟರ್ ಟೆಸ್ಟ್ ಮಾಡಬಹುದಾ? ನಮ್ಮಲ್ಲಿ ಹಾಗೇ ಮಾಡುತ್ತಾರೆ.

ಉಸ್ತಾದ್: ಬೇಡ ತಮ್ಮಾ. ಬೈಕ್ ಇಂಜೆಕ್ಟರಿನ ಕಾಯಿಲ್ ಸಾಮಾನ್ಯವಾಗಿ 12 ಓಮ್ಸ್ ಹತ್ತಿರ ಇರುತ್ತದೆ. ಅದು 1 ಆಂಪಿಯರ್ ಅಷ್ಟೇ ಎಳೆಯುತ್ತದೆ, ಒಂದು ಕ್ಷಣಕ್ಕೆ ತಡೆದುಕೊಳ್ಳುತ್ತದೆ. ಆದರೆ ವೈರ್ ಹಿಡಿದುಕೊಂಡೇ ಕೂತರೆ ಕಾಯಿಲ್ ಕಾಯುತ್ತದೆ. ಇನ್ನು ಕೆಲವು ಹಳೆಯ ಕಾರುಗಳಲ್ಲಿ 2-3 ಓಮ್ಸ್ ಇಂಜೆಕ್ಟರ್ ಇರುತ್ತವೆ. ಅವಕ್ಕೆ ಕರೆಂಟ್ ಮೊದಲು ಜಾಸ್ತಿ, ಆಮೇಲೆ ಕಡಿಮೆ ಮಾಡಿ ಕೊಡುವ ಸರ್ಕ್ಯೂಟ್ ಬೇಕು. ನೇರ ಕೊಟ್ಟರೆ ಸುಟ್ಟೇ ಹೋಗುತ್ತವೆ. ಎಲ್ಲಕ್ಕಿಂತ ದೊಡ್ಡ ಮಾತು, ಪೆಟ್ರೋಲ್ ಆವಿ ಇರುವ ಜಾಗದಲ್ಲಿ ವೈರ್ ತಾಗಿಸಿ ಕಿಡಿ ಹಾರಿಸುವುದು ಅಪಾಯ. ಅದರ ಬದಲು ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಇಂಜೆಕ್ಟರ್ ಮೇಲೆ ಇಟ್ಟು ಹಿಡಿಕೆಯನ್ನು ಕಿವಿಗೆ ಇಟ್ಟುಕೋ. ಇಂಜಿನ್ ಓಡುವಾಗ "ಟಿಕ್ ಟಿಕ್" ಕೇಳಬೇಕು. ದುಡ್ಡಿಲ್ಲದ ಟೆಸ್ಟ್ ಇದು.

ಪ್ರಶ್ನೆ (ಪರಸಿ ವ್ಯಾಪಾರಿ, ಶಹಾಬಾದ್): ನಮ್ಮ ಕಡೆ ಕಲ್ಲಿನ ಧೂಳು, ಸಿಮೆಂಟ್ ಧೂಳು ಎರಡೂ. ಇಂಜೆಕ್ಟರ್ ಕಟ್ಟಿಕೊಳ್ಳುವುದು ಇದರಿಂದಲೇ ಅಲ್ವಾ?

ಉಸ್ತಾದ್: ಗಾಳಿಯ ಧೂಳು ಇಂಜೆಕ್ಟರ್ ಒಳಗೆ ಹೋಗುವುದಿಲ್ಲ ಸಾವಕಾರರೇ. ಅದು ಏರ್ ಫಿಲ್ಟರ್ ಕೊಲ್ಲುತ್ತದೆ. ಇಂಜೆಕ್ಟರಿಗೆ ಕಸ ಬರುವುದು ಪೆಟ್ರೋಲ್ ದಾರಿಯಲ್ಲಿ. ಟ್ಯಾಂಕಿನ ತುಕ್ಕು, ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲ್, ಮುಚ್ಚಳ ಸರಿಯಾಗಿ ಕೂರದೆ ಒಳಗೆ ಬಿದ್ದ ಧೂಳು. ಇನ್ನೊಂದು ಕಾರಣ ಶಾಖ. ಇಂಜಿನ್ ಬಂದ್ ಮಾಡಿದ ಮೇಲೆ ತುದಿಯಲ್ಲಿ ಉಳಿದ ಹನಿ ಅಲ್ಲೇ ಒಣಗಿ ಅಂಟಿನ ಹಾಗೆ ಕೂರುತ್ತದೆ. ನಮ್ಮ ಬೇಸಿಗೆ ಗೊತ್ತಲ್ಲ. ತೂತು ಪೂರ್ತಿ ಮುಚ್ಚುವುದಿಲ್ಲ. ಚಿಮ್ಮುವ ಆಕಾರ ಕೆಡುತ್ತದೆ, ಮಂಜು ಹೋಗಿ ಪಿಚಕಾರಿ ಆಗುತ್ತದೆ. ಪಿಕಪ್, ಮೈಲೇಜ್ ಎರಡೂ ಬೀಳುತ್ತವೆ. ಇಂಥದ್ದನ್ನು ಅಲ್ಟ್ರಾಸಾನಿಕ್ ಮಷೀನಿನಲ್ಲಿ ತೊಳೆದು, ಟೆಸ್ಟ್ ಬೆಂಚ್ ಮೇಲೆ ಚಿಮ್ಮಿಸಿ ನೋಡಿದರೆ ಬಹಳಷ್ಟು ಸಲ ಸರಿಯಾಗುತ್ತದೆ. ಗಾಜಿನ ಕೊಳವೆಯಲ್ಲಿ ನಿಮ್ಮ ಕಣ್ಣೆದುರೇ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ದುಡ್ಡು ಕೊಡಬೇಡಿ.

ಪ್ರಶ್ನೆ (ಕಬ್ಬು ಬೆಳೆಗಾರ, ಆಳಂದ): ಎಥೆನಾಲ್ ಪೆಟ್ರೋಲಿನಿಂದ ಇಂಜೆಕ್ಟರ್ ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕಬ್ಬು ಬೆಳೆಯುವವನಾಗಿ ಕೇಳಲು ನನಗೇ ಸಂಕೋಚ!

ಉಸ್ತಾದ್: ಸಂಕೋಚ ಬೇಡ ಕಾಕಾ. ಇ20 ಅಂದರೆ 100ರಲ್ಲಿ 20 ಭಾಗ ಎಥೆನಾಲ್. ಎಥೆನಾಲ್‌ನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಅದೇ ಕೆಲಸಕ್ಕೆ ಇಂಜೆಕ್ಟರ್ ಸ್ವಲ್ಪ ಜಾಸ್ತಿ ಹೊತ್ತು ತೆರೆದಿರಬೇಕು. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅದನ್ನು ತಾನೇ ಮಾಡುತ್ತದೆ. ಮೈಲೇಜ್ ಸ್ವಲ್ಪ ಇಳಿಯುವುದು ಇದಕ್ಕೇ. ಇ20ಗೆ ಅಂತ ಮಾಡದ ಹಳೆಯ ಗಾಡಿಗಳಲ್ಲಿ ಓ-ರಿಂಗ್, ರಬ್ಬರ್ ಪೈಪು ಗಮನಿಸಬೇಕು. ನನಗೆ ಜಾಸ್ತಿ ಚಿಂತೆ ನೀರಿನದು. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆದುಕೊಳ್ಳುವುದೂ ತಳದಿಂದಲೇ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಇದನ್ನು ನೆನಪಿಡಿ.

ಪ್ರಶ್ನೆ (ಪಿಕಪ್ ಚಾಲಕ, ಸೇಡಂ): ಉಸ್ತಾದ್, ನಮ್ಮದು ಡೀಸೆಲ್, ಕಾಮನ್ ರೈಲ್. ಇಂಜೆಕ್ಟರ್ ರೇಟ್ ಕೇಳಿದರೆ ತಲೆ ತಿರುಗುತ್ತದೆ. ಅದರಲ್ಲೂ ಇದೇ ಕಾಯಿಲ್, ಸೂಜಿ ತಾನೇ? ಅಷ್ಟು ದುಡ್ಡು ಯಾಕೆ?

ಉಸ್ತಾದ್: ಕಾಯಿಲ್ ಇದೆ, ಸೂಜಿಯೂ ಇದೆ. ಆದರೆ ಅಲ್ಲಿ ಕಾಯಿಲ್ ಸೂಜಿಯನ್ನು ನೇರವಾಗಿ ಎತ್ತುವುದಿಲ್ಲ. ಯಾಕೆ ಅಂದರೆ ರೈಲ್‌ನಲ್ಲಿ, ಅಂದರೆ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹಂಚುವ ಪೈಪಿನಲ್ಲಿ, ಒತ್ತಡ 1600 ಬಾರ್ ದಾಟಬಹುದು. ಬೈಕಿನ 3 ಬಾರ್ ಪಕ್ಕದಲ್ಲಿ ಇಟ್ಟು ನೋಡಿ. ಅಷ್ಟು ಒತ್ತಡದ ವಿರುದ್ಧ ಸೂಜಿ ಎಳೆಯುವ ಅಯಸ್ಕಾಂತ ಅಷ್ಟು ಸಣ್ಣ ಜಾಗದಲ್ಲಿ ಕೂರುವುದಿಲ್ಲ.

ಅದಕ್ಕೆ ಒಂದು ಉಪಾಯ ಮಾಡಿದ್ದಾರೆ, ನನಗೆ ಇಂದಿಗೂ ಇಷ್ಟವಾದ ಉಪಾಯ. ಸೂಜಿಯ ತಲೆಯ ಮೇಲೊಂದು ಸಣ್ಣ ಕೋಣೆ. ಅಲ್ಲೂ ಅದೇ ಒತ್ತಡದ ಡೀಸೆಲ್ ತುಂಬಿರುತ್ತದೆ. ಕೆಳಗೂ ಅದೇ ಒತ್ತಡ. ತಲೆಯ ಕಡೆ ಅಗಲ ಜಾಸ್ತಿ, ಸ್ಪ್ರಿಂಗೂ ಇದೆ, ಅದಕ್ಕೆ ಸೂಜಿ ಮುಚ್ಚಿಕೊಂಡೇ ಇರುತ್ತದೆ. ಕಾಯಿಲ್ ಮಾಡುವುದು ಇಷ್ಟೇ: ಆ ಕೋಣೆಯ ಚಾವಣಿಯಲ್ಲಿರುವ ಸಣ್ಣ ಗುಂಡನ್ನು ಬಿಡಿಸುತ್ತದೆ. ಮೇಲಿನ ಡೀಸೆಲ್ ರಿಟರ್ನ್ ಪೈಪಿಗೆ ಓಡುತ್ತದೆ, ಮೇಲಿನ ಒತ್ತಡ ಬೀಳುತ್ತದೆ. ಆಗ ಕೆಳಗಿನ ಒತ್ತಡವೇ ಸೂಜಿಯನ್ನು ಎತ್ತುತ್ತದೆ. ಅಂದರೆ ಡೀಸೆಲ್‌ನ ಬಲದಿಂದಲೇ ಡೀಸೆಲ್‌ನ ಬಾಗಿಲು ತೆಗೆಸುವುದು. ಇದೆಲ್ಲ ಒಂದು ಹೊಡೆತಕ್ಕೆ ಒಂದೇ ಸಲ ಅಲ್ಲ, ಮೊದಲು ಚಿಕ್ಕ ಚಿಮ್ಮು, ಆಮೇಲೆ ದೊಡ್ಡದು. ಹಳೆಯ ಡೀಸೆಲ್‌ನ "ಕಟಕಟ" ಸದ್ದು ಕಡಿಮೆಯಾಗಿದ್ದು ಹೀಗೆ.

ಗುಂಡಿನ ಸೀಟು ಸವೆದರೆ ರಿಟರ್ನ್‌ಗೆ ಸುಮ್ನೆ ಡೀಸೆಲ್ ಹೋಗುತ್ತಲೇ ಇರುತ್ತದೆ. ರೈಲ್‌ನಲ್ಲಿ ಒತ್ತಡ ಕಟ್ಟುವುದಿಲ್ಲ, ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮುಗಿಯುತ್ತದೆ. ಒಂದೊಂದು ಇಂಜೆಕ್ಟರಿನ ರಿಟರ್ನ್‌ಗೂ ಒಂದೊಂದು ಬಾಟಲಿ ಕಟ್ಟಿ ಯಾವುದರಲ್ಲಿ ಜಾಸ್ತಿ ತುಂಬಿತು ಅಂತ ನೋಡಿದರೆ ಕಳ್ಳ ಸಿಗುತ್ತಾನೆ. ನಾಲ್ಕನ್ನೂ ಬದಲಿಸಿ ಅಂದವರಿಗೆ ಮೊದಲು ಈ ಟೆಸ್ಟ್ ಮಾಡಿ ಅನ್ನಿ. ಬದಲಿಸಿದ ಮೇಲೆ ಬಹಳಷ್ಟು ಗಾಡಿಗಳಲ್ಲಿ ಇಂಜೆಕ್ಟರ್ ತಲೆಯ ಮೇಲಿನ ಕೋಡ್ ನಂಬರನ್ನು ಸ್ಕ್ಯಾನರಿನಿಂದ ಇಸಿಯುಗೆ ಹಾಕಬೇಕು. ಕೆಳಗಿನ ತಾಮ್ರದ ವಾಷರ್ ಹಳೆಯದು ಮತ್ತೆ ಹಾಕಿಸಬೇಡಿ.

ಮತ್ತೆ ಕೈ ಮುಗಿದು ಹೇಳುತ್ತೇನೆ: ಓಡುವ ಇಂಜಿನ್‌ನಲ್ಲಿ ಹೈ ಪ್ರೆಷರ್ ಪೈಪಿನ ನಟ್ ಸಡಿಲ ಮಾಡಬೇಡಿ. ಹಳೆಯ ಡೀಸೆಲ್‌ನಲ್ಲಿ ಮಾಡುತ್ತಿದ್ದೆವು, ಇದರಲ್ಲಿ ನಡೆಯದು. ಆ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳು ಕಳೆದುಕೊಳ್ಳಬೇಕಾಗಬಹುದು. ಹಾಗಾದರೆ ತಕ್ಷಣ ದವಾಖಾನೆಗೆ ಹೋಗಿ.

ಮೆಡಿಕಲ್ ರೆಪ್, ಕಲಬುರಗಿ: ಉಸ್ತಾದ್, ನೋಡಿದೆ. ಮಧ್ಯಾಹ್ನ ಮತ್ತೆ ಹಾಗೇ ಆಯಿತು. ಪ್ಲಗ್ ಪೂರ್ತಿ ಒಣಗಿತ್ತು. ಇಂಜೆಕ್ಟರ್ 12.6 ಓಮ್ಸ್ ತೋರಿಸಿತು. ಪಂಪ್ ಸದ್ದು ಬೆಳಿಗ್ಗೆಗಿಂತ ಬೇರೆ ಇತ್ತು, ಏನೋ ಎಳೆದ ಹಾಗೆ. ಒಂದು ಮಾತು, ನಾನು ಪೆಟ್ರೋಲ್ ನೂರು ನೂರು ರೂಪಾಯಿದೇ ಹಾಕಿಸುವುದು. ಯಾವಾಗಲೂ ರಿಸರ್ವ್‌ನಲ್ಲೇ ಓಡುತ್ತದೆ.

ಉಸ್ತಾದ್: ಅಲ್ಲೇ ಇದೆ ನೋಡಿ. ಕಾಯಿಲ್ ಸರಿ ಇದೆ. ಪ್ಲಗ್ ಒಣಗಿದೆ ಅಂದರೆ ಸೋರಿಕೆಯೂ ಅಲ್ಲ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಸುತ್ತಲಿನ ಪೆಟ್ರೋಲಿನಿಂದ. ರಿಸರ್ವ್‌ನಲ್ಲೇ ಓಡಿಸಿದರೆ ಅದು ಬಿಸಿಯಾಗುತ್ತದೆ, ಇದ್ದ ಸ್ವಲ್ಪ ಪೆಟ್ರೋಲೂ ಕಾದು ಆವಿ ಸೇರಿಕೊಳ್ಳುತ್ತದೆ, ಒತ್ತಡ ಕಟ್ಟುವುದಿಲ್ಲ. ತಳದ ಕಸ ಪಂಪಿನ ಜಾಲರಿಯಲ್ಲಿ ಕೂತಿರುವ ಸಾಧ್ಯತೆಯೂ ಇದೆ. ಹೊಸ ಇಂಜೆಕ್ಟರ್ ಸದ್ಯಕ್ಕೆ ತರಬೇಡಿ. ಇವತ್ತು ಅರ್ಧ ಟ್ಯಾಂಕ್ ಹಾಕಿಸಿ ಎರಡು ದಿನ ಓಡಿಸಿ. ಆಮೇಲೂ ಅದೇ ಕಥೆ ಆದರೆ ಮಧ್ಯಾಹ್ನದ ಹೊತ್ತಿಗೇ ಗಾಡಿ ತನ್ನಿ, ಬಿಸಿ ಇರುವಾಗಲೇ ಪ್ರೆಷರ್ ಗೇಜ್ ಹಾಕಬೇಕು. ಬೆಳಿಗ್ಗೆ ತಂದರೆ ಎಲ್ಲ ಸರಿಯಾಗೇ ತೋರಿಸುತ್ತದೆ.