ಆನ್‌ಲೈನ್ ವಿಲ್‌ಗೆ ಆಧಾರ್ ಇ-ಸೈನ್ ಸಾಕೇ?

ಸರಸ್ವತಿಪುರಂ_ಓದುಗ: ತಂದೆಯವರಿಗೆ 74 ವರ್ಷ. ಮೈಸೂರಿನಲ್ಲಿ ಸ್ವಯಾರ್ಜಿತ ಮನೆ, ಎರಡು ಎಫ್‌ಡಿ ಇವೆ. ಮನೆ ಅಮ್ಮನಿಗೆ, ಹಣ ನನಗೂ ತಂಗಿಗೂ ಸಮಪಾಲು. ಆನ್‌ಲೈನ್ ಸೇವೆಯೊಂದು ವಿಲ್ ಬರೆದು, ಇ-ಸ್ಟಾಂಪ್ ಹಾಕಿ, ಆಧಾರ್ ಇ-ಸೈನ್ ಮಾಡಿಸಿ ಪಿಡಿಎಫ್ ಕೊಡುತ್ತದಂತೆ. ಅಷ್ಟು ಸಾಕೇ?

ಕರಡುಪ್ರತಿ: ಸಾಲದು ಸರ್. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಮೊದಲ ಅನುಸೂಚಿಯಲ್ಲೇ ವಿಲ್ ಅನ್ನು ಹೊರಗಿಟ್ಟಿದ್ದಾರೆ. ಇ-ಸೈನ್ ಇಲ್ಲಿ ನಡೆಯುವುದಿಲ್ಲ. ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಆ ಸೇವೆಯಿಂದ ಕರಡು ಮಾತ್ರ ತೆಗೆದುಕೊಂಡು ಪ್ರಿಂಟ್ ಹಾಕಿಸಿ.

ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಅವರೆದುರು ತಂದೆಯವರು ಪ್ರತಿ ಪುಟಕ್ಕೂ ಪೆನ್ನಿನಲ್ಲಿ ಸಹಿ ಹಾಕಲಿ. ಆಮೇಲೆ ತಂದೆಯವರ ಎದುರಿನಲ್ಲೇ ಸಾಕ್ಷಿಗಳು ಸಹಿ ಮಾಡಿ ಹೆಸರು, ವಿಳಾಸ ಬರೆಯಲಿ. ಬಿಕ್ಕಲಂ ಹಾಕಿದವರನ್ನೋ (ಪತ್ರ ಬರೆದುಕೊಟ್ಟು ಸಹಿ ಹಾಕಿದವರು) ನೋಟರಿಯನ್ನೋ ಸಾಕ್ಷಿಯ ಲೆಕ್ಕಕ್ಕೆ ಸೇರಿಸಬೇಡಿ. ವಿಲ್ ಬಿದ್ದುಹೋಗುವುದು ಹೆಚ್ಚಾಗಿ ಇಂಥ ಕಡೆಯೇ. ಸಹಿಯಾದ ಮೇಲೆ ಏನನ್ನೂ ಹೊಡೆದು ತಿದ್ದಬೇಡಿ, ಹೊಸದಾಗಿ ಬರೆಸಿ.

ಖಾತೆ_ಪಹಣಿ: ಕರಡನ್ನೂ ಹಾಗೆಯೇ ಒಪ್ಪಬೇಡಿ. ಈ ಫಾರ್ಮುಗಳು ಎಷ್ಟೋ ಸಲ ಮನೆಗೆ ವಿಳಾಸವಷ್ಟೇ ಕೇಳುತ್ತವೆ. ಷೆಡ್ಯೂಲಿನಲ್ಲಿ, ಅಂದರೆ ವಿಲ್‌ನ ಆಸ್ತಿ ವಿವರದಲ್ಲಿ, ಕ್ರಯಪತ್ರದ ನಂಬರು, ತಾರೀಖು, ಖಾತೆ ನಂಬರು, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರಲಿ. ಮುಂದೆ ಖಾತೆ ಬದಲಾವಣೆಗೆ ಹೋದಾಗ ನೋಡುವುದು ಇದನ್ನೇ. ಸ್ವಯಾರ್ಜಿತ ಎಂದು ಸ್ಪಷ್ಟವಾಗಿ ಬರೆಸಿ. ಎಫ್‌ಡಿ ನಂಬರನ್ನು ಮಾತ್ರ ನಂಬಬೇಡಿ: ರಿನ್ಯೂ ಆದಾಗ ನಂಬರು ಬದಲಾದರೆ ತಕರಾರು ಶುರು. ಬ್ಯಾಂಕು, ಶಾಖೆ ಬರೆದು "ನನ್ನ ಮರಣಕಾಲಕ್ಕೆ ಅಲ್ಲಿರುವ ಎಲ್ಲ ಠೇವಣಿ" ಎನ್ನಿ.

ತಾಯಿಯವರೇ ಮೊದಲು ತೀರಿಕೊಂಡರೆ ಮನೆ ಯಾರಿಗೆ? ಅದೂ ಇರಬೇಕು. "ಇಲ್ಲಿ ಹೇಳದ ಉಳಿದ ಆಸ್ತಿ ಇಂಥವರಿಗೆ" ಎಂಬ ಸಾಲೂ ಬೇಕು.

ಸರಸ್ವತಿಪುರಂ_ಓದುಗ: ತಂಗಿಯ ಯಜಮಾನರು ಸಾಕ್ಷಿಯಾಗಬಹುದೇ? ನೋಂದಣಿ ಕಡ್ಡಾಯವೇ?

ಕರಡುಪ್ರತಿ: ಅವರು ಬೇಡ. ಕ್ರೈಸ್ತರು, ಪಾರ್ಸಿಗಳಲ್ಲಾದರೆ ಸಾಕ್ಷಿಗೋ ಸಾಕ್ಷಿಯ ಗಂಡ/ಹೆಂಡತಿಗೋ ಬರೆದ ಪಾಲು ಉತ್ತರಾಧಿಕಾರ ಕಾಯ್ದೆಯ 67ನೇ ಕಲಮಿನ ಪ್ರಕಾರ ಬಿದ್ದೇಹೋಗುತ್ತದೆ. ಹಿಂದೂಗಳಿಗೆ ಆ ಕಲಮು ಅನ್ವಯಿಸದಿದ್ದರೂ ಅನುಮಾನಕ್ಕೆ ಎಡೆ ಕೊಡುವುದೇಕೆ? ಏನೂ ಪಾಲಿಲ್ಲದ, ತಂದೆಯವರಿಗಿಂತ ಚಿಕ್ಕ ವಯಸ್ಸಿನ ಇಬ್ಬರನ್ನು ಹುಡುಕಿ. ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರು.

ನೋಂದಣಿ ಐಚ್ಛಿಕ, ಆದರೂ ಈ ವಯಸ್ಸಿಗೆ ಮಾಡಿಸುವುದೇ ಒಳ್ಳೆಯದು. ನೋಂದಣಿ ಇಲಾಖೆಯ ಜಾಲತಾಣ ಕಾವೇರಿ 2.0ರಲ್ಲಿ ಅರ್ಜಿ ಹಾಕಿ, ಸಾಕ್ಷಿಗಳ ಸಮೇತ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಅದೇ ದಿನದ ವೈದ್ಯರ ಸರ್ಟಿಫಿಕೇಟೂ ಇರಲಿ, ತಂದೆಯವರು ಸ್ವಸ್ಥಚಿತ್ತರು ಎಂದು. ನೋಂದಣಿ ಆಯಿತೆಂದು ಸಾಕ್ಷಿಗಳ ಕೆಲಸ ಮುಗಿಯುವುದಿಲ್ಲ. ತಕರಾರು ಬಂದರೆ ಅವರಲ್ಲೊಬ್ಬರಾದರೂ ನುಡಿಯಲೇಬೇಕು.

ಖಾತೆ_ಪಹಣಿ: ಎಫ್‌ಡಿ ನಾಮಿನಿ ಯಾರೆಂದೂ ನೋಡಿಕೊಳ್ಳಿ. ಬ್ಯಾಂಕು ನಾಮಿನಿಗೇ ಹಣ ಕೊಡುತ್ತದೆ. ಅದು ಅವರದಾಗುವುದಿಲ್ಲ, ವಿಲ್‌ನಂತೆ ಹಂಚಬೇಕು. ನೀವಿಬ್ಬರೇ ನಾಮಿನಿಗಳಾದರೆ ಆ ಓಡಾಟ ತಪ್ಪುತ್ತದೆ.