ಪುಟ್ಟನ ಕಾಲು: ಕ್ರಚ್ ಬಿಡೋದು ಯಾವಾಗ, ಓಟ ಯಾವಾಗ

ಅಕ್ಕಾ, ನಿನ್ನ ಮೆಸೇಜೂ ನೋಡಿದೆ, ಪುಟ್ಟ ಹಾಲ್‌ನಲ್ಲಿ ನಡೆಯೋ ವಿಡಿಯೋನೂ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೆ ಮಾತಾಡಿಬಿಡ್ತೀನಿ. ಉದ್ದ ಆಗತ್ತೆ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು. ನೀನು ಕೇಳಿದ್ದು ಎರಡು. ಮಂಡಿ ಕೆಳಗೆ ಮುರಿದ ಮೂಳೆಯೊಳಗೆ ರಾಡ್ ಹಾಕಿ ಆರು ವಾರ ಆಯ್ತು, ಡಾಕ್ಟ್ರು ಅರ್ಧ ಭಾರ ಹಾಕು ಅಂದಿದಾರೆ, ಇವನು ಒಂದು ಕ್ರಚ್ ಮೂಲೆಗೆ ಇಟ್ಟು ಓಡಾಡ್ತಿದಾನೆ, ಪರವಾಗಿಲ್ವಾ? ಇನ್ನೊಂದು, ಮೂರು ತಿಂಗಳಿಗೆ ಓಟದ ಪ್ರಾಕ್ಟೀಸ್ ಶುರು ಮಾಡಬಹುದಾ?

ಮೊದಲನೇದಕ್ಕೆ ಉತ್ತರ, ಬೇಡ. ಆ ಕ್ರಚ್ ವಾಪಸ್ ಕೈಗೆ ಕೊಡು. ಒಂದೇ ಕೋಲಲ್ಲಿ ಕುಂಟೋದಕ್ಕಿಂತ ಎರಡು ಕೋಲು ಹಿಡಿದು ನೆಟ್ಟಗೆ ನಡೆಯೋದು ಮೇಲು. ಕುಂಟು ಒಂದು ಸಲ ರೂಢಿ ಆಯ್ತು ಅಂದ್ರೆ ಮೂಳೆ ಕೂಡಿದ ಮೇಲೂ ಹೋಗಲ್ಲ. ಆಮೇಲೆ ಓಡೋಕೆ ಹೋದಾಗ ಅದೇ ಸೊಂಟ, ಇನ್ನೊಂದು ಕಾಲಿನ ಮಂಡಿ ಹಿಡಿದುಕೊಳ್ಳತ್ತೆ.

ರಾಡ್ ಇದೆಯಲ್ಲ, ಇನ್ನೇನು ಭಯ ಅಂತ ಅವನು ಅಂದುಕೊಂಡಿರ್ತಾನೆ. ರಾಡ್ ಮೂಳೆನ ಕೂಡಿಸಲ್ಲ, ಅಲ್ಲಾಡದ ಹಾಗೆ ಹಿಡಿದಿರತ್ತೆ ಅಷ್ಟೆ. ಕೂಡೋದು ಮೂಳೆಯದೇ ಕೆಲಸ. ತಂತಿನ ಅತ್ತಿತ್ತ ಬಗ್ಗಿಸ್ತಾ ಇದ್ರೆ ಹೇಗೆ ತುಂಡಾಗತ್ತೋ, ಹಾಗೇ ಕೂಡದ ಮೂಳೆಯ ಭಾರ ತಿಂಗಳುಗಟ್ಟಲೆ ಹೊತ್ರೆ ಸ್ಕ್ರೂ ಮುರಿಯತ್ತೆ, ರಾಡೂ ಮುರಿಯಬಹುದು. ಹಾಗಂತ ಕಾಲು ಊರದೇ ಕೂರೋದೂ ತಪ್ಪು. ಹದವಾದ ಭಾರ ಬಿದ್ರೇನೇ ಹೊಸ ಮೂಳೆ ಗಟ್ಟಿಯಾಗೋದು. ಮಂಡಿ ಕೆಳಗಿನ ಈ ದೊಡ್ಡ ಮೂಳೆ ಪೂರ್ತಿ ಕೂಡೋಕೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬೇಕು. ಪಾದದ ಹತ್ತಿರ ಮುರಿದಿದ್ರೆ ಇನ್ನೂ ನಿಧಾನ, ಯಾಕಂದ್ರೆ ಅಲ್ಲಿ ಮಾಂಸಖಂಡ ಕಮ್ಮಿ, ರಕ್ತ ಓಡಾಟವೂ ಕಮ್ಮಿ. ಮುಂದಿನ ಎಕ್ಸ್‌ರೇ ತೆಗೆಸಿದಾಗ ಡಾಕ್ಟ್ರನ್ನ ಒಂದು ಮಾತು ಕೇಳು: ಎದುರಿಂದ ಎರಡು ಅಂಚು, ಪಕ್ಕದಿಂದ ಎರಡು ಅಂಚು, ಈ ನಾಲ್ಕರಲ್ಲಿ ಎಷ್ಟು ಕೂಡಿದೆ? ಮೂರು ಕೂಡಿದ್ರೆ ಮೂಳೆ ಕೂಡಿದೆ ಅಂತ ಲೆಕ್ಕ. ಅವನು ಕದ್ದು ಸಿಗರೇಟ್ ಏನಾದ್ರೂ ಸೇದ್ತಾನಾ? ಸೇದಿದ್ರೆ ನಿಲ್ಲಿಸು, ಕೂಡೋದನ್ನ ತಡ ಮಾಡೋದ್ರಲ್ಲಿ ಅದೇ ಮುಂದು.

ಈಗ ಅರ್ಧ ಭಾರ ಅಂದ್ರೆ ಎಷ್ಟು? ಅಂದಾಜಲ್ಲಿ ಹಾಕಿದ್ರೆ ಎಲ್ಲರೂ ತಪ್ಪೇ. ಅವನ ತೂಕ 58 ಕೆಜಿ ಅಂದೆ, ಅಂದ್ರೆ 29. ಮನೇಲಿ ತೂಕದ ಮಿಷಿನ್ ಇದ್ರೆ, ಮುಳ್ಳಿಂದಾದ್ರೆ ಒಳ್ಳೇದು, ಪೆಟ್ಟಾದ ಕಾಲನ್ನ ಅದರ ಮೇಲಿಡಲಿ. ಇನ್ನೊಂದು ಕಾಲ ಕೆಳಗೆ ಅಷ್ಟೇ ಎತ್ತರಕ್ಕೆ ಹಳೇ ಪುಸ್ತಕ ಜೋಡಿಸು. ಎರಡೂ ಕ್ರಚ್ ಹಿಡಿದು ಮುಳ್ಳು 29ಕ್ಕೆ ಬರೋವರೆಗೆ ಒತ್ತಲಿ. ಆಮೇಲೆ ಕಣ್ಣು ಮುಚ್ಚಿಕೊಂಡು ಒತ್ತಲಿ, ಎಷ್ಟು ಬಂತು ಅಂತ ನೀನು ನೋಡಿ ಹೇಳು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ನಾಲ್ಕು ದಿನದಲ್ಲಿ ಕಾಲಿಗೇ ಗೊತ್ತಾಗತ್ತೆ.

ಕ್ರಚ್ ಅಳತೇನೂ ಸರಿ ಇಲ್ಲ, ವಿಡಿಯೋದಲ್ಲಿ ಭುಜ ಕಿವಿ ಹತ್ತಿರ ಹೋಗಿದೆ. ನೆಟ್ಟಗೆ ನಿಂತಾಗ ಕಂಕುಳಿಗೂ ಮೇಲಿನ ದಿಂಬಿಗೂ ಮಧ್ಯೆ ಎರಡು ಮೂರು ಬೆರಳು ಜಾಗ ಇರಬೇಕು. ಕೈ ಇಳಿಬಿಟ್ರೆ ಹಿಡಿ ಮಣಿಕಟ್ಟಿನ ಹತ್ತಿರ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪ ಬಗ್ಗಿರಬೇಕು. ಭಾರ ಅಂಗೈ ಮೇಲೆ, ಕಂಕುಳ ಮೇಲಲ್ಲ. ಕಂಕುಳಲ್ಲೇ ನೇತಾಡಿದ್ರೆ ಅಲ್ಲಿನ ನರ ಒತ್ತಿ ಮಣಿಕಟ್ಟು ಎತ್ತೋಕೇ ಆಗದ ಹಾಗಾಗತ್ತೆ. ಕೆಳಗಿನ ರಬ್ಬರ್ ಸವೆದಿದ್ರೆ ಇವತ್ತೇ ಬದಲಾಯಿಸು, ಮೆಡಿಕಲ್ ಶಾಪಲ್ಲಿ ಸಿಗತ್ತೆ. ಬಚ್ಚಲಲ್ಲಿ ಜಾರಿ ಬಿದ್ದು ವಾಪಸ್ ಆಪರೇಷನ್‌ಗೆ ಹೋಗೋರು ಇದಾರೆ.

ನಡೆಯೋ ಕ್ರಮ: ಎರಡೂ ಕ್ರಚ್ ಮುಂದೆ, ಆಮೇಲೆ ಪೆಟ್ಟಾದ ಕಾಲು, ಆಮೇಲೆ ಒಳ್ಳೇ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕ್ರಚ್ ಜೊತೆ ಪೆಟ್ಟಾದ ಕಾಲು ಮೊದಲು. ಮುಂದೆ ಡಾಕ್ಟ್ರು ಪೂರ್ತಿ ಭಾರ ಹಾಕು ಅಂದಮೇಲೆ ಒಂದೇ ಕ್ರಚ್‌ಗೆ ಇಳಿಯೋದು, ಅದು ಒಳ್ಳೇ ಕಾಲಿನ ಕಡೆ ಕೈಲಿ. ಇವನು ಪೆಟ್ಟಾದ ಕಡೆಗೇ ಹಿಡಿದಿದಾನೆ, ಎಲ್ಲರೂ ಮಾಡೋ ತಪ್ಪು. ಆ ಕಡೆ ಹಿಡಿದ್ರೆ ಮೈಯೆಲ್ಲ ಅದೇ ಪಕ್ಕಕ್ಕೆ ವಾಲತ್ತೆ.

ವಿಡಿಯೋದಲ್ಲಿ ನಂಗೆ ಕಂಡ ದೊಡ್ಡ ತಪ್ಪು ಬೇರೇನೇ. ಅವನು ಹಿಮ್ಮಡಿ ಊರ್ತಾನೇ ಇಲ್ಲ, ತುದಿಗಾಲಲ್ಲಿ ಇಳೀತಾನೆ, ಮಂಡಿ ಕೋಲಿನ ಹಾಗೆ ಬಿಗಿ. ಹೆದರಿಕೆ ಒಂದು ಕಾರಣ. ಇನ್ನೊಂದು, ಆರು ವಾರ ಮಲಗಿದ್ದಾಗ ಪಾದ ಕೆಳಕ್ಕೆ ಜೋತು ಬಿದ್ದು ಮೀನಖಂಡ ಗಿಡ್ಡ ಆಗಿದೆ. ಕಾಲು ಚಾಚಿ ಕೂತು, ಟವೆಲ್ ಪಾದಕ್ಕೆ ಸುತ್ತಿ ತನ್ನ ಕಡೆ ಎಳೆದು 30 ಸೆಕೆಂಡ್ ಹಿಡೀಲಿ, ಒಂದು ಸಲಕ್ಕೆ ನಾಲ್ಕು, ದಿನಕ್ಕೆ ಮೂರು ಹೊತ್ತು. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಕೆಳಕ್ಕೆ ಒತ್ತಿ 5 ಸೆಕೆಂಡ್, ಹದಿನೈದು ಸಲ. ಆಮೇಲೆ ಕಾಲು ನೆಟ್ಟಗಿಟ್ಟು ಒಂದಡಿ ಎತ್ತೋದು, ಹತ್ತು ಹತ್ತರಂತೆ ಮೂರು ಸಲ. ಎತ್ತುವಾಗ ಮಂಡಿ ಬಗ್ಗಿತು ಅಂದ್ರೆ ತೊಡೆಗೆ ಇನ್ನೂ ಶಕ್ತಿ ಬಂದಿಲ್ಲ ಅಂತ. ಪಾದ ಹೊರಕ್ಕೆ ತಿರುಗಿದ ಹಾಗೂ ಕಾಣ್ತು. ಕುರ್ಚಿ ಮೇಲೆ ಎರಡೂ ಮಂಡಿ ನೇರ ಇಟ್ಟು ಕೂರಿಸಿ ನೋಡು. ಆಗಲೂ ಒಂದು ಪಾದ ಹೆಚ್ಚು ತಿರುಗಿದ್ರೆ ಡಾಕ್ಟ್ರಿಗೆ ತೋರಿಸು, ಅದು ನಡಿಗೆ ಅಭ್ಯಾಸ ಅಲ್ಲ, ಮೂಳೆ ಕೂತಿರೋ ರೀತಿ ಇರಬಹುದು.

ಮಂಡಿ ಮುಂದೆ ನೋವು ಅಂತಾನಲ್ಲ, ರಾಡ್ ಇಳಿಸಿರೋದೇ ಅಲ್ಲಿಂದ, ತುಂಬಾ ಜನಕ್ಕೆ ಇರತ್ತೆ. ಸದ್ಯಕ್ಕೆ ಮಂಡಿಯೂರೋದು, ಚಕ್ಕಂಬಟ್ಲೆ, ಕುಕ್ಕರುಗಾಲು ಬೇಡ, ಟಾಯ್ಲೆಟ್ಟಿಗೆ ಕಮೋಡ್ ಕುರ್ಚಿ. ಕಾಲು ಇಳಿಬಿಟ್ಟಾಗ ಕೆನ್ನೇರಳೆ ಬಣ್ಣ ಬಂದು, ಎತ್ತಿಟ್ರೆ ಹೋದ್ರೆ ಗಾಬರಿ ಬೇಡ. ಮೀನಖಂಡ ಬಿಸಿಯಾಗಿ ಊದಿ ಗಟ್ಟಿಯಾದ್ರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದ್ರೆ ಮಾತ್ರ ರಾತ್ರಿ ಎಷ್ಟೊತ್ತಾದ್ರೂ ಆಸ್ಪತ್ರೆಗೆ ಓಡು, ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ. ಗಾಯದಿಂದ ನೀರು, ಕೀವು ಬಂದ್ರೂ ಕಾಯಬೇಡ.

ಮಾವಾ, ನೀವು ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿ ಅಂದ್ರಿ, ಆಂಧ್ರದ ಪುತ್ತೂರು ತಾನೆ, ನಮ್ಮ ದಕ್ಷಿಣ ಕನ್ನಡದ್ದಲ್ಲ. ಕೋಪ ಮಾಡ್ಕೋಬೇಡಿ. ಒಳಗೇ ರಾಡ್ ಹಿಡಿದಿರೋವಾಗ ಹೊರಗಿನ ಕಟ್ಟಿಗೆ ಕೆಲಸವೇ ಇಲ್ಲ. ಬಿಗಿಯಾದ್ರೆ ರಕ್ತ ನಿಂತು ಕಾಲಿಗೇ ಸಂಚಕಾರ. ಎಣ್ಣೆ ಹಚ್ಚಿ ಮೀನಖಂಡ ನೀವೋದೂ ಬೇಡ, ರಕ್ತ ಹೆಪ್ಪುಗಟ್ಟಿದ್ರೆ ಅದು ಜಾರಿ ಶ್ವಾಸಕೋಶಕ್ಕೆ ಹೋಗಬಹುದು. ದೊಡ್ಡಮ್ಮಾ, ಕಾಲು ಸೂಪು ಕೊಡಿ, ರುಚಿಗೆ ಕುಡೀಲಿ, ಆದ್ರೆ ಮೂಳೆಯಲ್ಲಿರೋ ಕ್ಯಾಲ್ಸಿಯಂ ನೀರಿಗೆ ಹೆಚ್ಚೇನೂ ಇಳಿಯಲ್ಲ. ಅದಕ್ಕಿಂತ ರಾಗಿ ಮುದ್ದೆ, 100 ಗ್ರಾಂ ಹಿಟ್ಟಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅವನಿಗೆ ಕೊರತೆ ಇರೋದು ಪ್ರೋಟೀನಿಂದು. ದಿನಕ್ಕೆ 80 ಗ್ರಾಂ ಆದ್ರೂ ಬೇಕು. ಒಂದು ಮೊಟ್ಟೇಲಿ 6, ಒಂದು ಲೋಟ ಹಾಲಲ್ಲಿ 6–7, ಹುರುಳಿಕಾಳು ಒಣಗಿದ್ದು 100 ಗ್ರಾಂಗೆ 22ರ ಸುಮಾರು. ಬರೀ ಅನ್ನ ತಿಳಿಸಾರಲ್ಲಿ ಈ ಲೆಕ್ಕ ಮುಟ್ಟಲ್ಲ.

ಇನ್ನು ಓಟ. ಇಲ್ಲಿ ಓಟಗಾರರದ್ದೇ ಒಂದು ಕಷ್ಟ ಇದೆ. ಅವರ ಉಸಿರು, ಹುಮ್ಮಸ್ಸು ಬೇಗ ವಾಪಸ್ ಬರತ್ತೆ, ಮೂಳೆ ಅಷ್ಟು ಬೇಗ ಬರಲ್ಲ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳತ್ತೆ. ಅದಕ್ಕೆ ಪುಟ್ಟಾ, ಮೂರು ತಿಂಗಳು ಅಂತ ಕ್ಯಾಲೆಂಡರ್ ಎಣಿಸಬೇಡ, ಈ ಪರೀಕ್ಷೆ ಪಾಸಾಗು. ಎಕ್ಸ್‌ರೇ ನೋಡಿ ಡಾಕ್ಟ್ರು ಹೂಂ ಅನ್ನಬೇಕು. ಕೋಲಿಲ್ಲದೆ, ಕುಂಟದೆ 30 ನಿಮಿಷ ಜೋರು ನಡಿಗೆ, ಮಾರನೇ ದಿನ ಊತ ಇರಬಾರದು. ಗೋಡೆಗೆ ಮುಖ ಮಾಡಿ, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗಿಸು, ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಹೋಗತ್ತೆ ಅಂತ ಸ್ಕೇಲಲ್ಲಿ ಅಳಿ, ಎರಡೂ ಕಾಲಿಗೆ ಹೆಚ್ಚುಕಮ್ಮಿ ಸಮ ಬರಬೇಕು. ಪೆಟ್ಟಾದ ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿಳಿಸೋದು 20ಕ್ಕೆ ಮೇಲೆ, ಆಮೇಲೆ ಅದೇ ಕಾಲಲ್ಲಿ ನೋವಿಲ್ಲದೆ ಕುಪ್ಪಳಿಸೋದು. ಗಾಯ ಪೂರ್ತಿ ಮಾಗಿದ ಮೇಲೆ, ಡಾಕ್ಟ್ರು ಒಪ್ಪಿದ್ರೆ, ಎದೆಮಟ್ಟದ ನೀರಲ್ಲಿ ನಡಿ, ಅಲ್ಲಿ ಕಾಲಿಗೆ ಬೀಳೋದು ಮೈತೂಕದ ಮೂರನೇ ಒಂದು ಭಾಗದಷ್ಟೇ. ಉಸಿರು ಉಳಿಸಿಕೊಳ್ಳೋಕೆ ನಿಂತಲ್ಲೇ ತುಳಿಯೋ ಸೈಕಲ್ ಸಾಕು.

ಪಾಸಾದ ಮೇಲೂ ಒಂದು ನಿಮಿಷ ಮೆಲ್ಲಗೆ ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸುತ್ತು, ದಿನ ಬಿಟ್ಟು ದಿನ, ಮಣ್ಣಿನ ಮೈದಾನದಲ್ಲಿ. ಹತ್ತಕ್ಕೆ ಎರಡು ಮೂರರಷ್ಟು ನೋವು ಬಂದು ಬೆಳಗಾಗೋದ್ರಲ್ಲಿ ಹೋದ್ರೆ ಮುಂದುವರಿ. ಮೂಳೆ ಮುರಿದ ಜಾಗದಲ್ಲೇ ಚುಚ್ಚಿದ್ರೆ ಅವತ್ತೇ ನಿಲ್ಲಿಸು.

ಬೆಟ್ಟಿ ರಾಬಿನ್ಸನ್ ಗೊತ್ತಾ ಪುಟ್ಟಾ? 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ ಮಹಿಳೆಯರ 100 ಮೀಟರ್ ಗೆದ್ದ ಅಮೆರಿಕದ ಹುಡುಗಿ. 1931ರಲ್ಲಿ ವಿಮಾನ ಬಿದ್ದು ಕಾಲು ಮುರೀತು, ಮಂಡಿ ಪೂರ್ತಿ ಬಗ್ಗದೆ ಕೂತು ಸ್ಟಾರ್ಟ್ ತಗೊಳ್ಳೋಕೇ ಆಗ್ಲಿಲ್ಲ. ಅದಕ್ಕೆ ರಿಲೇಯಲ್ಲಿ ನಿಂತುಕೊಂಡು ಬ್ಯಾಟನ್ ಹಿಡಿಯೋ ಜಾಗಕ್ಕೆ ಬಂದಳು, 1936ರಲ್ಲಿ ಬರ್ಲಿನ್‌ನಲ್ಲಿ ಚಿನ್ನ. ಮಧ್ಯೆ ಐದು ವರ್ಷ. ನೀನು ಮೂರು ತಿಂಗಳು ಅಂತಿದೀಯ.

ಅಕ್ಕಾ, ಭಾನುವಾರ ಇನ್ನೊಂದು ವಿಡಿಯೋ ಕಳಿಸು. ಚಡ್ಡಿ ಹಾಕಿಸು, ಬರಿಗಾಲು, ಎರಡೂ ಕ್ರಚ್ ಕೈಲಿರಲಿ. ಹಿಂದಿನಿಂದ ಹತ್ತು ಹೆಜ್ಜೆ, ಪಕ್ಕದಿಂದ ಹತ್ತು ಹೆಜ್ಜೆ, ಫೋನ್ ಮಂಡಿ ಎತ್ತರಕ್ಕೆ ಹಿಡಿ. ಮುಖ ಬೇಡ, ನಂಗೆ ಹಿಮ್ಮಡಿ ಕಾಣಬೇಕು.